ಟೊಮೆಟೊ ಕಾಯಿಗೆ ತೂತು: ಔಷಧದ ಬಾಟ್ಲಿ ತೆಗೆಯುವ ಮೊದಲು ಎಲೆ ತಿರುವಿ ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದಾಗ ಇರೋದ್ರಿ. ಹಿತ್ತಲದಾಗ ಆರು, ಮಾಳಿಗಿ ಮ್ಯಾಲೆ ಕುಂಡದಾಗ ನಾಲ್ಕು ಟಮಾಟಿ ಗಿಡ ಹಚ್ಚೀನಿ. ದೀಪಾವಳಿ ಮುಂದ ಹಚ್ಚಿದ್ದು, ಈಗ ಚಲೋ ಕಾಯಿ ಹಿಡಿದಾವ. ಆದ್ರ ಹಸಿ ಕಾಯಿಗೇ ತೂತು ಬೀಳಾಕತ್ತಾವ, ಹೆಚ್ಚಿದ್ರ ಒಳಗ ಹಸಿರು ಕೀಡಿ. ಒಂದೆರಡು ಗಿಡದ ಎಲಿ ಜರಡಿ ಆಗ್ಯಾವ, ಕೆಲವು ಎಲಿ ಮ್ಯಾಲೆ ಬೆಳ್ಳಗ ಸುಟ್ಟಂಗ ಕಲಿ ಬಿದ್ದಾವ. ಬೂದಿ ಉದುರಿಸಿದೆ, ಅರಿಶಿನ ನೀರು ಹೊಡದೆ, ಏನೂ ಆಗಲಿಲ್ಲ. ಮೈದುನ ಊರಿಂದ ಹತ್ತಿಗೆ ಹೊಡೆಯೋ ಎಣ್ಣಿ ತಂದುಕೊಟ್ಟಾನ, ಬಾಟ್ಲಿ ಮ್ಯಾಲೆ ಪ್ರೊಫೆನೊಫಾಸ್, ಸೈಪರ್‌ಮೆಥ್ರಿನ್ ಅಂತ ಐತಿ. ಹೊಡೀಬಹುದಾ? ಮೊಮ್ಮಗ ಗಿಡದಾಗಿಂದನ ಹಣ್ಣು ಕಿತ್ತು ತಿಂತಾನ. ತೂತು ಬಿದ್ದ ಕಾಯಿ ಚಟ್ನಿಗೆ ಹಾಕಿದ್ರ ನಡೀತದೋ ಇಲ್ಲೋ ಅದನ್ನೂ ತಿಳಿಸ್ರಿ.

ಉತ್ತರ: ಅಕ್ಕಾರ, ಮೊದಲು ಆ ಬಾಟ್ಲಿಯ ಮಾತು ಮುಗಿಸೋಣ. ದಯವಿಟ್ಟು ಅದನ್ನು ಹೊಡೆಯಬೇಡಿ. ಅದು ಹತ್ತಿಯ ಕಾಯಿಕೊರಕಕ್ಕೆಂದು ಮಾಡಿದ ಜೋಡಿ ಔಷಧ. ಹತ್ತಿಕಾಯಿಯನ್ನು ಯಾರೂ ಗಿಡದಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವುದಿಲ್ಲ, ನಿಮ್ಮ ಮೊಮ್ಮಗ ಟೊಮೆಟೊವನ್ನು ಹಾಗೇ ತಿನ್ನುತ್ತಾನೆ. ಪ್ರೊಫೆನೊಫಾಸ್ ನರಮಂಡಲಕ್ಕೆ ತಾಗುವ ಗುಂಪಿನ ವಿಷ. ಅದಕ್ಕೆ ಎಲೆಯ ಒಳಪದರಕ್ಕೂ ಇಳಿಯುವ ಗುಣವಿದೆ, ಹಾಗಾಗಿ ನೀರಲ್ಲಿ ತೊಳೆದರೆ ಹೋಯಿತು ಎಂದು ನಂಬಿ ಕೂರುವಂತಿಲ್ಲ. ಇನ್ನು ಸೈಪರ್‌ಮೆಥ್ರಿನ್ ಗುಂಪಿನ ಔಷಧಗಳಿಗೆ ಕಾಯಿಗೆ ತೂತು ಹಾಕುವ ಈ ಹುಳು ಬಗ್ಗದೆ ನಿಂತದ್ದು ನಮ್ಮ ದೇಶದ ಹತ್ತಿ ಹೊಲಗಳಲ್ಲಿ 1980ರ ದಶಕದ ಕೊನೆಯಲ್ಲೇ ಗೊತ್ತಾಗಿದೆ. ಹೊಡೆದರೆ ಹುಳು ಉಳಿದು, ಅದನ್ನು ತಿನ್ನುವ ಜೇಡ, ಕಣಜ, ಗುಲಗಂಜಿ ಹುಳುಗಳು ಸಾಯುತ್ತವೆ. ಆಮೇಲೆ ನುಸಿ ಏಳುತ್ತದೆ, ಬಿಳಿನೊಣ ಏಳುತ್ತದೆ. ಬಿಳಿನೊಣ ತರುವ ಎಲೆ ಮುಟುರು ರೋಗಕ್ಕೆ ಮದ್ದೇ ಇಲ್ಲ, ಗಿಡ ಕಿತ್ತು ಹಾಕುವುದೊಂದೇ ದಾರಿ. ಈಗ ನಾಲ್ಕು ಕಾಯಿ ಹೋಗುತ್ತಿರುವಲ್ಲಿ ಇಡೀ ಗಿಡವೇ ಹೋದೀತು.

ಬಾಟ್ಲಿಯನ್ನು ಬೇರೆ ಸೀಸೆಗೆ ಸುರಿಯದೆ, ಅಡುಗೆಮನೆಗೆ ಒಯ್ಯದೆ, ಇದ್ದಂತೆಯೇ ಮೈದುನರಿಗೆ ವಾಪಸ್ ಕೊಡಿ. ಮನೆಯ ಮೂಲೆಯಲ್ಲಿ ಹಳೆಯ ಮೊನೊಕ್ರೊಟೊಫಾಸ್ ಇದ್ದರೆ ಅದೂ ಬೇಡ, ತರಕಾರಿಗೆ ಅದರ ಬಳಕೆಯನ್ನು 2005ರಲ್ಲೇ ನಿಷೇಧಿಸಿದ್ದಾರೆ. ಡೈಕ್ಲೋರ್ವಾಸ್ ಎಂಬ ಕೀಟನಾಶಕವಂತೂ 2020ರ ಕೊನೆಗೆ ಪೂರ್ತಿ ನಿಂತುಹೋಗಿದೆ.

ಈಗ ಹುಳುವಿನ ವಿಚಾರ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಗಿಡದಲ್ಲಿ ಇರುವುದು ಒಂದೇ ಹುಳುವಲ್ಲ, ಮೂರು. ಮೂರಕ್ಕೂ ಬೇರೆ ಬೇರೆ ಉಪಾಯ ಬೇಕು, ಎಲ್ಲಕ್ಕೂ ಒಂದೇ ನೀರು ಹೊಡೆದದ್ದರಿಂದಲೇ ನಿಮಗೆ ಫಲ ಕಾಣಲಿಲ್ಲ.

ಕಾಯಿಗೆ ತೂತು ಹಾಕುವುದು ಕಾಯಿಕೊರಕ, ಪುಸ್ತಕದ ಹೆಸರು ಹೆಲಿಕೋವರ್ಪ ಆರ್ಮಿಜೆರಾ. ಕಡಲೆ, ತೊಗರಿ, ಹತ್ತಿ ಬೆಳೆಯುವ ರೈತರಿಗೆಲ್ಲ ಇದು ಹಳೆಯ ಪರಿಚಯ. ನವಲಗುಂದ, ಅಣ್ಣಿಗೇರಿ, ಗದಗದ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಣ್ಣು ಹಾಯಿಸಿದಷ್ಟೂ ಕಡಲೆ, ಕುಂದಗೋಳ, ಹಾವೇರಿ ಕಡೆ ಹತ್ತಿ. ಆ ಬೆಳೆ ಬಲಿತು ಒಣಗತೊಡಗಿದಾಗ ಅಲ್ಲಿ ಬೆಳೆದ ಪತಂಗಗಳು ಹಸಿರು ಹುಡುಕಿಕೊಂಡು ಹಾರುತ್ತವೆ. ರಾತ್ರಿ ಹಾರುವ ಇವಕ್ಕೆ ಕೆಲವು ಕಿಲೋಮೀಟರ್ ದೂರ ಲೆಕ್ಕವೇ ಅಲ್ಲ. ದೀಪಾವಳಿಗೆ ಹಚ್ಚಿದ ಟೊಮೆಟೊ ಕಾಯಿ ಹಿಡಿಯುವುದೂ ಅದೇ ಹೊತ್ತಿಗೆ. ಹಾಗಾಗಿ ಇವತ್ತು ನಿಮ್ಮ ಹತ್ತು ಗಿಡದ ಹುಳುವನ್ನೆಲ್ಲ ಕೊಂದರೂ ನಾಳೆ ರಾತ್ರಿ ಹೊಸ ಪತಂಗ ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಒಮ್ಮೆ ಹೊಡೆದು ನಿಶ್ಚಿಂತೆಯಾಗಿರುವ ಔಷಧ ಇದಕ್ಕೆ ಇಲ್ಲ. ಇರುವುದು ಹುಳು ಕಾಯಿಯೊಳಗೆ ಹೋಗುವ ಮುನ್ನ ಸಿಗುವ ಕೆಲವೇ ದಿನಗಳ ಅವಕಾಶ. ತಲೆ ಕಾಯಿಯೊಳಗೆ ಹೊಕ್ಕಮೇಲೆ ನೀವು ಏನು ಸಿಂಪಡಿಸಿದರೂ ಅದರ ಬಾಯಿಗೆ ಮುಟ್ಟುವುದಿಲ್ಲ.

ಆ ದಿನಗಳನ್ನು ಹಿಡಿಯಬೇಕಾದರೆ ಮೊಟ್ಟೆ ಗುರುತಿಸುವುದು ಕಲಿಯಬೇಕು. ಕಷ್ಟವೇನಿಲ್ಲ, ನಿಮ್ಮಂತೆ ದಿನಾ ಗಿಡದ ಹತ್ತಿರ ಹೋಗುವವರಿಗೆ ವಾರದಲ್ಲಿ ಕಣ್ಣು ಪಳಗುತ್ತದೆ. ಗಿಡದ ತುದಿಯಲ್ಲಿ ಅರಳಿದ ಹೂಗೊಂಚಲು ನೋಡಿ, ಅದರ ಕೆಳಗಿನ ಎಲೆಯನ್ನು ಹಿಡಿದು ಎರಡೂ ಬದಿ ತಿರುವಿ. ಕಾಯಿಕೊರಕದ ಮೊಟ್ಟೆ ಹೆಚ್ಚಾಗಿ ಆ ಎಳೆಯ ಎಲೆಗಳ ಮೇಲೆ, ಹೂವಿನ ಆಸುಪಾಸಿನಲ್ಲೇ ಇರುತ್ತದೆ. ಅರ್ಧ ಮಿಲಿಮೀಟರ್ ಗಾತ್ರ, ಗಸಗಸೆ ಕಾಳಿಗಿಂತಲೂ ಚಿಕ್ಕದು. ದುಂಡಗೆ, ಹಾಲು-ಕೆನೆ ಬಣ್ಣ, ಒಂದೊಂದೇ ಬಿಡಿಬಿಡಿಯಾಗಿ ಇಟ್ಟಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೇಲಿಂದ ಕೆಳಗೆ ಸಣ್ಣ ಸಣ್ಣ ಗೆರೆ ಎದ್ದು ಕಾಣುತ್ತವೆ. ಒಡೆಯುವ ಮುನ್ನ ಕಪ್ಪಿಗೆ ತಿರುಗುತ್ತದೆ. ಇಟ್ಟ ಮೂರು ನಾಲ್ಕು ದಿನಕ್ಕೆ ಒಡೆದು, ದಾರದೆಳೆಯಷ್ಟು ಮರಿ ಹೊರಬಂದು ಮೊದಲು ಎಳೆ ಎಲೆ, ಮೊಗ್ಗು ಕೆರೆದು ತಿನ್ನುತ್ತದೆ, ಆಮೇಲೆ ಕಾಯಿಗೆ ಬಾಯಿ ಹಾಕುತ್ತದೆ. ಹುಳುವಾಗಿ ಅದರ ಆಯುಷ್ಯ ಎರಡು ಮೂರು ವಾರ. ಅಷ್ಟರಲ್ಲಿ ಒಂದೇ ಹುಳು ಒಂದು ಕಾಯಿಯನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ, ಅದನ್ನು ಬಿಟ್ಟು ಮತ್ತೊಂದಕ್ಕೆ ಹೋಗುತ್ತದೆ. ನಿಮಗೆ ಎಂಟು ಕಾಯಿ ತೂತಾಗಿ ಕಂಡರೆ ಎಂಟು ಹುಳು ಇವೆ ಎಂದು ಗಾಬರಿಯಾಗಬೇಡಿ, ಎರಡೇ ಇದ್ದಾವು. ಒಂದನ್ನು ಹಿಡಿದರೂ ಮುಂದಿನ ನಾಲ್ಕಾರು ಕಾಯಿ ಉಳಿದಂತೆ.

ಹಿಡಿಯುವ ಹೊತ್ತು ಬೆಳಗಿನ ಜಾವ ಅಥವಾ ರಾತ್ರಿ ಎಂಟರ ಮೇಲೆ, ಮೊಬೈಲ್ ಟಾರ್ಚ್ ಸಾಕು. ಎಲೆ ಮೇಲೆ, ಕಾಯಿಯ ಭುಜದ ಮೇಲೆ ಹಸಿ ಹಿಕ್ಕೆ ಬಿದ್ದಿದ್ದರೆ ಅದರ ನೆತ್ತಿಯ ಮೇಲಿನ ಕಾಯಿ, ಎಲೆ ಹುಡುಕಿ, ಹುಳು ಅಲ್ಲೇ ಇರುತ್ತದೆ. ಹಿಕ್ಕೆ ಒಣಗಿ ಕರ್ರಗಾಗಿದ್ದರೆ ಅದು ಜಾಗ ಬದಲಿಸಿದೆ. ಕಾಯಿಕೊರಕ ತಲೆಯನ್ನು ಒಳಗಿಟ್ಟು ಅರ್ಧ ಮೈ ಹೊರಗೆ ಬಿಟ್ಟು ತಿನ್ನುವುದರಿಂದ ಕೈಗೆ ಸುಲಭವಾಗಿ ಸಿಗುತ್ತದೆ. ಬಣ್ಣ ನೋಡಿ ಮೋಸಹೋಗಬೇಡಿ. ಹಸಿರು, ಕಂದು, ನಸುಗೆಂಪು ಯಾವುದೂ ಇರಬಹುದು, ಮೈಯ ಪಕ್ಕದಲ್ಲಿ ಉದ್ದಕ್ಕೆ ತೆಳು ಗೆರೆ ಇದ್ದೇ ಇರುತ್ತದೆ. ಹಿಡಿದದ್ದನ್ನು ಸಾಬೂನು ನೀರಿನ ಡಬ್ಬಿಗೆ ಹಾಕಿ. ತೂತು ಬಿದ್ದ ಕಾಯಿಯನ್ನು ಗಿಡದಲ್ಲಿ ಬಿಡಬೇಡಿ, ಅಂದೇ ಕಿತ್ತು ಹುಳು ಹೊರತೆಗೆದು ಕೊಲ್ಲಿ. ಹತ್ತು ಗಿಡಕ್ಕೆ ಈ ಕೆಲಸ ದಿನಕ್ಕೆ ಕಾಲು ಗಂಟೆಯದು. ಹತ್ತು ಗಿಡದ ತೋಟಕ್ಕೆ ಇದಕ್ಕಿಂತ ಒಳ್ಳೆಯ ಔಷಧವನ್ನು ನಾನಂತೂ ಕಂಡಿಲ್ಲ.

ಎಲೆ ಜರಡಿ ಮಾಡಿದ್ದು ಬೇರೆ ಹುಳು. ಸ್ಪೊಡಾಪ್ಟೆರಾ ಇದರ ಹೆಸರು, ನಮ್ಮ ಕಡೆ ಲದ್ದಿ ಹುಳು ಅನ್ನುತ್ತಾರೆ. ಮುಂಗಾರಿನಲ್ಲಿ ಧಾರವಾಡ, ಕಲಘಟಗಿ ಕಡೆಯ ಸೋಯಾಬೀನ್‌ಗೆ, ಶೇಂಗಾಕ್ಕೆ ಬೀಳುವುದೂ ಇದೇ. ಇದರ ತಾಯಿ ಒಂದೊಂದೇ ಮೊಟ್ಟೆ ಇಡದೆ ನೂರಾರನ್ನು ಒಟ್ಟಿಗೆ ಒಂದೇ ಎಲೆಯ ಮೇಲಿಟ್ಟು ತನ್ನ ಮೈಯ ಕಂದು ರೋಮ ಹೊದಿಸಿ ಹೋಗುತ್ತದೆ. ಮರಿಗಳು ಒಡೆದ ಮೇಲೂ ಮೊದಲ ಕೆಲವು ದಿನ ಗುಂಪಾಗಿ ಅದೇ ಎಲೆಯ ಹಸಿರನ್ನು ಕೆರೆಯುತ್ತವೆ, ಎಲೆ ಬಲೆಯಂತಾಗಿ ಉಳಿಯುತ್ತದೆ. ಅಂಥ ಎಲೆ ಕಂಡ ತಕ್ಷಣ ಕಿತ್ತು ಸಾಬೂನು ನೀರಿಗೆ ಹಾಕಿದರೆ ಇಡೀ ಸಂಸಾರ ಒಂದೇ ಏಟಿಗೆ ಮುಗಿಯುತ್ತದೆ. ನಾಲ್ಕು ದಿನ ತಡಮಾಡಿದರೆ ಚದುರಿ ಎಲ್ಲ ಗಿಡಕ್ಕೂ ಹಬ್ಬುತ್ತವೆ. ದೊಡ್ಡದಾದ ಮೇಲೆ ಹಗಲು ಹೊತ್ತು ಮಣ್ಣಿನಲ್ಲಿ, ಒಣ ಎಲೆಯಡಿ, ಕುಂಡದ ಕೆಳಗೆ ಅಡಗುತ್ತವೆ. ನಿಮ್ಮ ಮಾಳಿಗೆಯ ಕುಂಡಗಳನ್ನು ಬೆಳಿಗ್ಗೆ ಎತ್ತಿ ತಳ ನೋಡಿ, ಸುರುಳಿ ಸುತ್ತಿಕೊಂಡು ಬಿದ್ದಿರುತ್ತವೆ.

ಮೂರನೆಯದು ಆ ಬಿಳಿ ಕಲೆ. ಇಲ್ಲೊಂದು ಸಣ್ಣ ಪರೀಕ್ಷೆ ಮಾಡಿ. ಎಲೆಯ ಮೇಲೆ ಬಿಳಿ ಗೆರೆ ಅಂಕುಡೊಂಕಾಗಿ ಓಡಿದ್ದರೆ ಅದು ರಂಗೋಲಿ ಹುಳು, ಒಂದು ಚಿಕ್ಕ ನೊಣದ ಮರಿ, ಕಾಯಿಗೆ ಏನೂ ಮಾಡುವುದಿಲ್ಲ, ಕೆಳಗಿನ ಎಲೆ ನಾಲ್ಕು ಕಿತ್ತರೆ ಮುಗಿಯಿತು. ಆದರೆ ಗೆರೆಯಾಗಿರದೆ ಅಗಲವಾದ ತೇಪೆಯಂತೆ ಇದ್ದು, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಂಡು, ಒಳಗೆ ಕಪ್ಪು ಹಿಕ್ಕೆ ಒಂದು ಕಡೆ ಗುಡ್ಡೆಯಾಗಿದ್ದರೆ ಅದು ಟೂಟಾ. ಟೊಮೆಟೊ ಬೆಳೆಗಾರರು ಊಜಿ ಅನ್ನುವುದು ಇದಕ್ಕೇ. ದಕ್ಷಿಣ ಅಮೆರಿಕದ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2014ರಲ್ಲಿ. ಬೆಳೆದರೂ ಒಂದು ಸೆಂಟಿಮೀಟರ್ ಮುಟ್ಟದ ಹುಳು, ಕಾಯಿಗೆ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಷ್ಟೇ ತೂತು ಹಾಕುತ್ತದೆ. ನಿಮ್ಮ ಕಾಯಿಯ ತೂತಿಗೆ ಪೆನ್ಸಿಲ್ ಹೋಗುವಂತಿದ್ದರೆ ಕಾಯಿಕೊರಕ, ಗುಂಡುಸೂಜಿ ಮಾತ್ರ ಹೋಗುವಂತಿದ್ದರೆ ಟೂಟಾ. ಟೂಟಾ ಬಿದ್ದ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಎರಡು ಮೂರು ದಿನ ಬಿಸಿಲಿಗಿಡಿ. ಗೊಬ್ಬರದ ಗುಂಡಿಗೆ ಹಾಗೇ ಎಸೆದರೆ ಅಲ್ಲಿಂದಲೇ ಪತಂಗವಾಗಿ ವಾಪಸ್ ಬರುತ್ತದೆ.

ಅಂತರ್ಜಾಲದಲ್ಲಿ ಟೊಮೆಟೊ ಹುಳು ಎಂದು ಹುಡುಕಿದರೆ ಬಾಲದಲ್ಲಿ ಕೊಂಬಿರುವ, ಬೆರಳುದ್ದದ ದಪ್ಪ ಹಸಿರು ಹುಳುವಿನ ಚಿತ್ರ ಬರುತ್ತದೆ. ಅದು ಅಮೆರಿಕದ್ದು, ನಮ್ಮಲ್ಲಿಲ್ಲ. ಬೇರೆ ಜಾತಿಯ ಕೊಂಬಿನ ಹುಳು ನಮ್ಮ ಎಳ್ಳು, ಬದನೆಗೆ ಬರುವುದುಂಟು, ಅಪರೂಪಕ್ಕೆ ಟೊಮೆಟೊಕ್ಕೂ ಬಂದೀತು. ಕೈಯಲ್ಲಿ ತೆಗೆದರೆ ಸಾಕು.

ಬೂದಿ, ಅರಿಶಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಯಿಯೊಳಗಿನ ಹುಳುವಿಗೆ ಅವೆರಡೂ ಮುಟ್ಟುವುದಿಲ್ಲ. ಮೆಣಸಿನಕಾಯಿ-ಬೆಳ್ಳುಳ್ಳಿ ನೀರು ಗಟ್ಟಿಯಾದರೆ ಚಿಗುರು ಸುಡುತ್ತದೆ. ಬಟ್ಟೆ ಸೋಪಿನ ಪುಡಿ ಕದಡಿದ ನೀರನ್ನಂತೂ ಹೊಡೆಯಲೇಬೇಡಿ.

ಸಿಂಪಡಿಸಲೇಬೇಕು ಅನ್ನಿಸಿದರೆ ನಾನು ಹೇಳುವುದು ಬಿ.ಟಿ. ಹೆಸರು ಕೇಳಿ ಹೆದರಬೇಡಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲೇ ಇರುವ ಒಂದು ಬ್ಯಾಕ್ಟೀರಿಯಾ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯಲ್ಲಿರುವುದು ಇದೇ ಬ್ಯಾಕ್ಟೀರಿಯಾದ ವಂಶವಾಹಿ. ನೀವು ಹೊಡೆಯುವುದು ಬ್ಯಾಕ್ಟೀರಿಯಾದ ಪುಡಿಯನ್ನು ಅಷ್ಟೇ, ಗಿಡ ಬದಲಾಗುವುದಿಲ್ಲ. ಪತಂಗದ ಮರಿಹುಳು ಅದನ್ನು ಎಲೆಯ ಜೊತೆ ತಿಂದಾಗ ಅದರ ಕ್ಷಾರದ ಹೊಟ್ಟೆಯಲ್ಲಿ ವಿಷದ ಹರಳು ಕರಗಿ ಕರುಳು ತೂತಾಗುತ್ತದೆ. ನಮ್ಮ ಹೊಟ್ಟೆ ಆಮ್ಲದ್ದು, ಅಲ್ಲಿ ಅದು ಹಾಗೆ ಕೆಲಸ ಮಾಡುವುದಿಲ್ಲ. ಜೇನ್ನೊಣಕ್ಕೂ ತೊಂದರೆಯಿಲ್ಲ. ಹೊಡೆದ ಕೂಡಲೇ ಹುಳು ಬೀಳಲಿಲ್ಲ ಎಂದು ಮತ್ತೆ ಮತ್ತೆ ಹೊಡೆಯುವವರಿದ್ದಾರೆ. ಬಿ.ಟಿ. ತಿಂದ ಹುಳು ಕೆಲವು ಗಂಟೆಗಳಲ್ಲಿ ತಿನ್ನುವುದು ನಿಲ್ಲಿಸುತ್ತದೆ, ಸಾಯುವುದು ಎರಡು ಮೂರು ದಿನಕ್ಕೆ. ತಿನ್ನುವುದು ನಿಂತರೆ ನಮ್ಮ ಕೆಲಸ ಆದಂತೆ.

ಬಳಸುವ ರೀತಿಯಲ್ಲಿ ಮಾತ್ರ ಶಿಸ್ತು ಬೇಕು. ಪೊಟ್ಟಣದ ಮೇಲೆ ಬರೆದ ಪ್ರಮಾಣವೇ ನಿಮಗೆ ಆಧಾರ, ಸಾಮಾನ್ಯವಾಗಿ ಲೀಟರ್ ನೀರಿಗೆ 1ರಿಂದ 2 ಗ್ರಾಂ. ಬಿಸಿಲಿಗೆ ಬೇಗ ಕೆಡುವ ವಸ್ತುವಾದ್ದರಿಂದ ಸಂಜೆ ಐದರ ಮೇಲೆಯೇ ಹೊಡೆಯಿರಿ. ಒಂದು ಲೀಟರಿನ ಕೈ ಪಂಪು ಸಾಕು, ಎಲೆಯ ಕೆಳಗೂ ಹೂಗೊಂಚಲಿಗೂ ತಾಗಲಿ. ಐದಾರು ದಿನ ಬಿಟ್ಟು ಇನ್ನೊಮ್ಮೆ. ಮೊಟ್ಟೆ ಅಥವಾ ದಾರದೆಳೆಯಂಥ ಮರಿ ಕಂಡಾಗ ಹೊಡೆದರೆ ಇದು ಬಂಗಾರದಂಥ ಔಷಧ, ಬೆರಳುದ್ದದ ಹುಳುವಿಗೆ ಹೊಡೆದರೆ ದುಡ್ಡು ದಂಡ. ಕೊಳ್ಳುವಾಗ ತಯಾರಿಕೆಯ ದಿನಾಂಕ ಕೇಳಿ ನೋಡಿ, ಅಂಗಡಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ಕೂತ ಪೊಟ್ಟಣ ಬೇಡ. ಇನ್ನೊಂದು ಮಾತು, ಬೋರ್ ನೀರಿನಲ್ಲಿ ಕಲಸಬೇಡಿ. ನಮ್ಮ ಊರಿನ ಬೋರ್ ನೀರು ಬಹಳ ಕಡೆ ಗಡಸು, ಕ್ಷಾರ ಹೆಚ್ಚಾದರೆ ಬಿ.ಟಿ. ಮೊದಲೇ ಕೆಡುತ್ತದೆ, ಬೇವಿನ ಎಣ್ಣೆಯೂ ನೀರಿನಲ್ಲಿ ಕೂಡದೆ ಮೇಲೆ ತೇಲುತ್ತದೆ. ನಳದಲ್ಲಿ ಮಲಪ್ರಭಾ ನೀರು ಬಂದ ದಿನ ಎರಡು ಲೀಟರ್ ಎತ್ತಿಟ್ಟುಕೊಳ್ಳಿ.

ಬೇವು ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ತಿನ್ನದಂತೆ ಮಾಡುತ್ತದೆ, ಪೊರೆ ಬಿಡದಂತೆ ತಡೆಯುತ್ತದೆ, ತಾಯಿ ಪತಂಗ ಅಲ್ಲಿ ಮೊಟ್ಟೆ ಇಡಲು ಹಿಂಜರಿಯುತ್ತದೆ. ಹಾಗಾಗಿ ಬೇವನ್ನು ಹುಳು ಬರುವ ಮುಂಚೆ, ಹೂ ಬಿಡುವ ಹೊತ್ತಿಗೇ ಶುರು ಮಾಡಬೇಕು. ಅಂಗಡಿಯ ಎಣ್ಣೆಗಿಂತ ಬೀಜದ ಕಷಾಯ ನನಗೆ ಹೆಚ್ಚು ನಂಬಿಕೆಯದು. ಜೂನ್-ಜುಲೈನಲ್ಲಿ ಗಿಡದಡಿ ಉದುರುವ ಬೇವಿನ ಹಣ್ಣು ಆರಿಸಿ, ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಬೇಕಾದಾಗ ಸಿಪ್ಪೆ ಒಡೆದು ಒಳಗಿನ ಬೀಜ 100 ಗ್ರಾಂ ಕುಟ್ಟಿ, ಎರಡು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಮೆದು ಸಾಬೂನು ಕರಗಿಸಿ ಸಂಜೆ ಹೊಡೆಯಿರಿ. ಇದೇ ಶೇ. 5ರ ಕಷಾಯ. ಉಳಿದರೆ ಮರುದಿನಕ್ಕೆ ಇಡಬೇಡಿ. ಈ ವರ್ಷ ಬೀಜ ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಅಜಾಡಿರಾಕ್ಟಿನ್ ಎಂಬ ಬೇವಿನ ಔಷಧ ನಡೆಯುತ್ತದೆ.

ಕಾಯಿಕೊರಕಕ್ಕೆ ಎನ್‌ಪಿವಿ ಎಂಬ ನಂಜಾಣು ಔಷಧವೂ ಇದೆ. ಅದೂ ಸಂಜೆಯದೇ, ಚೂರು ಬೆಲ್ಲ ಕಲಸಿ ಹೊಡೆಯುವುದು. ಕಾಯಿಕೊರಕದ ಎನ್‌ಪಿವಿ ಲದ್ದಿ ಹುಳುವಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆಯೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಡೆ ಹೋದಾಗ ಜೈವಿಕ ಕೀಟನಾಶಕಗಳ ಬಗ್ಗೆ ವಿಚಾರಿಸಿ. ಔಷಧ ಹೊಡೆಯದ ತೋಟದಲ್ಲಿ ಈ ನಂಜಾಣು ತಾನಾಗಿಯೂ ಬರುತ್ತದೆ. ಗಿಡದ ತುದಿಯಲ್ಲಿ ಹುಳು ಕಪ್ಪಾಗಿ, ಹಿಂಗಾಲು ಕಚ್ಚಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದರೆ, ಮುಟ್ಟಿದರೆ ಒಡೆದು ನೀರಾಗುವಂತಿದ್ದರೆ, ಅದನ್ನು ತೆಗೆಯಬೇಡಿ. ಅದರ ರಸ ಬಿದ್ದ ಎಲೆ ತಿಂದ ಮರಿಗಳೂ ಹಾಗೇ ಸಾಯುತ್ತವೆ.

ಚೆಂಡು ಹೂವಿನ ಉಪಾಯ ನಿಮಗೆ ಯಾರಾದರೂ ಹೇಳಿರಬಹುದು. ಅದು ಸರಿಯಾದದ್ದೇ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡು ಹೂ ಹಾಕಿ ಎಂದು ಹೇಳುತ್ತದೆ. ಎರಡೂ ಒಟ್ಟಿಗೆ ಹೂ ಬಿಡಲೆಂದು 25 ದಿನದ ಟೊಮೆಟೊ ಸಸಿ ಹಚ್ಚುವಾಗ 45 ದಿನದ ಚೆಂಡು ಹೂವಿನ ಸಸಿ ಹಚ್ಚಬೇಕು. ಪತಂಗ ಟೊಮೆಟೊ ಬಿಟ್ಟು ಆ ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ನಿಮ್ಮ ಹಿತ್ತಲಿಗೆ ಮೂರು ನಾಲ್ಕು ಗಿಡ ಸಾಕು. ಆದರೆ ಹಚ್ಚಿ ಮರೆತರೆ ಹುಳು ಸಾಕಿದಂತಾಗುತ್ತದೆ, ಎರಡು ದಿನಕ್ಕೊಮ್ಮೆ ಮೊಗ್ಗು, ಹೂ ಬಿಡಿಸಿ ನೋಡಿ ಹುಳು ತೆಗೆಯಲೇಬೇಕು. ಹೆಣ್ಣು ಪತಂಗದ ವಾಸನೆ ಇಟ್ಟು ಸೆಳೆಯುವ ಲಿಂಗಾಕರ್ಷಕ ಬಲೆಗೆ ಮಾತ್ರ ದುಡ್ಡು ಹಾಕಬೇಡಿ. ಅದರಲ್ಲಿ ಬೀಳುವುದು ಗಂಡು ಪತಂಗ. ಹೊಲದಲ್ಲಿ ಹುಳು ಬರುವ ಸೂಚನೆ ಸಿಗಲೆಂದು ಅದನ್ನು ಕಟ್ಟುತ್ತಾರೆ. ನಿಮ್ಮ ಹತ್ತು ಗಿಡಕ್ಕೆ ಎಲ್ಲಿಂದಲೋ ಬಸಿರಾಗಿಯೇ ಬರುವ ಹೆಣ್ಣನ್ನು ಅದು ತಡೆಯುವುದಿಲ್ಲ.

ಮಾಳಿಗೆಯ ನಾಲ್ಕು ಕುಂಡಕ್ಕೆ ನನ್ನ ಸಲಹೆ ಬೇರೆ. ಹಳೆಯ ಸೊಳ್ಳೆ ಪರದೆ ಇದ್ದರೆ ನಾಲ್ಕು ಕೋಲು ನೆಟ್ಟು ಗಿಡಕ್ಕೆ ತಾಗದಂತೆ ಕಟ್ಟಿ, ಕೆಳಗೆ ಇಟ್ಟಿಗೆ ಹೇರಿ. ಕಟ್ಟುವ ಮುನ್ನ ಒಳಗೆ ಮೊಟ್ಟೆ, ಹುಳು ಇಲ್ಲದ್ದು ನೋಡಿಕೊಳ್ಳಿ. ಟೊಮೆಟೊ ತನ್ನ ಪರಾಗದಲ್ಲೇ ಕಾಯಿ ಕಟ್ಟುವ ಗಿಡ, ಬೆಳಿಗ್ಗೆ ಹೂಗೊಂಚಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಜೇನ್ನೊಣದ ಕೊರತೆ ತುಂಬುತ್ತದೆ. ಕಾಯಿಕೊರಕ, ಲದ್ದಿ ಹುಳುವಿನ ಪತಂಗಕ್ಕೆ ಈ ಪರದೆ ಸಾಕು. ಟೂಟಾ ತೀರ ಚಿಕ್ಕದು, ಅದಕ್ಕೆ ಇನ್ನೂ ಒತ್ತಾದ ಬಲೆ ಬೇಕು. ಹಿತ್ತಲಿನ ಆರು ಗಿಡಕ್ಕೆ ಪರದೆ ಕಟ್ಟುವುದು ರಗಳೆ ಅನ್ನಿಸಿದರೆ, ಉಡಿ ತುಂಬುವಾಗ, ಅರಿಶಿನ-ಕುಂಕುಮಕ್ಕೆ ಕರೆದಾಗ ಉಡುಗೊರೆ ಹಾಕಿಕೊಡುವ ತೆಳು ಜಾಳಿಗೆ ಚೀಲಗಳು ಮನೆಯಲ್ಲಿ ಬಿದ್ದಿರುತ್ತವಲ್ಲ, ಅವನ್ನು ಕಾಯಿ ಗೋಲಿಯಷ್ಟಾದಾಗ ಗೊಂಚಲಿಗೆ ತೊಡಿಸಿ ದಾರ ಎಳೆಯಿರಿ. ಗಾಳಿ ಬೆಳಕು ಆಡುತ್ತದೆ, ಹುಳು ಒಳಗೆ ಬರುವುದಿಲ್ಲ.

ಹುಳು ಬಲಿತ ಮೇಲೆ ಕೋಶವಾಗುವುದು ಮಣ್ಣಿನಲ್ಲಿ. ಆದ್ದರಿಂದ ಬೆಳೆ ಮುಗಿದಾಗ ಗಿಡ ಕಿತ್ತು, ಬುಡದ ಮಣ್ಣನ್ನು ಒಂದು ಗೇಣು ಆಳ ಅಗೆದು ತಿರುವಿ ಹಾಕಿ. ಗೊರವಂಕ ಬಂದು ಕಂದು ಬಣ್ಣದ ಕೋಶ ಹೆಕ್ಕಿ ತಿನ್ನುತ್ತವೆ, ಉಳಿದದ್ದು ಬಿಸಿಲಿಗೆ ಸಾಯುತ್ತದೆ. ಕುಂಡದ ಮಣ್ಣನ್ನು ಏಪ್ರಿಲ್-ಮೇ ಬಿಸಿಲಲ್ಲಿ ಮಾಳಿಗೆಯ ಮೇಲೆ ತೆಳುವಾಗಿ ಹರವಿ ಒಣಗಿಸಿಯೇ ಮತ್ತೆ ತುಂಬಿ. ಅದೇ ಜಾಗದಲ್ಲಿ ಕೂಡಲೇ ಟೊಮೆಟೊ, ಬದನೆ, ಮೆಣಸಿನ ಗಿಡ ಬೇಡ, ಒಂದು ಸಲ ಮೆಂತೆ, ಕೊತ್ತಂಬರಿ ಹಾಕಿಕೊಳ್ಳಿ.

ಇನ್ನು ಚಟ್ನಿ. ನೀವು ವಿಷದ ಔಷಧ ಹೊಡೆಯದೇ ಇರುವುದರಿಂದ ಹಸಿ ಟೊಮೆಟೊ ಚಟ್ನಿಗೆ ಅಡ್ಡಿಯಿಲ್ಲ. ತೂತು ಒಂದು ಬದಿಗಷ್ಟೇ ಇದ್ದರೆ ಆ ಭಾಗ, ಹಿಕ್ಕೆ ತಾಗಿದ ತಿರುಳು ಅಗಲವಾಗಿ ತೆಗೆದು, ಉಳಿದದ್ದನ್ನು ತೊಳೆದು ಹುರಿಯಿರಿ. ಒಳಗೆ ನೀರಾಗಿ ಕೊಳೆತಿದ್ದರೆ, ವಾಸನೆ ಬಂದಿದ್ದರೆ ಪೂರ್ತಿ ಎಸೆಯಿರಿ. ಹಸಿರು ಕಾಯಿಯ ತುದಿಯಲ್ಲಿ ನಸುಗೆಂಪು ಮೂಡಿದ ದಿನವೇ ಕೊಯ್ದು ಒಳಗೆ ಬುಟ್ಟಿಯಲ್ಲಿ ಇಡುವ ರೂಢಿ ಮಾಡಿಕೊಳ್ಳಿ. ಮೂರು ನಾಲ್ಕು ದಿನಕ್ಕೆ ಚೆನ್ನಾಗಿ ಹಣ್ಣಾಗುತ್ತವೆ, ಗಿಡದ ಮೇಲೆ ಹುಳುವಿಗೆ ಸಿಗುವ ದಿನಗಳೂ ಅಷ್ಟು ಕಡಿಮೆಯಾಗುತ್ತವೆ. ಮೊಮ್ಮಗನಿಗೆ ಗಿಡದಿಂದಲೇ ಕಿತ್ತು ತಿನ್ನುವ ಆಸೆ ಇರುವುದರಿಂದ ಚೀಲ ತೊಡಿಸಿದ ಎರಡು ಗೊಂಚಲು ಅವನಿಗೆಂದು ಬಿಡಿ.